ಸೇನೆಯ ಗಾಡಿಗಳ ರಿಪೇರಿ ಸರ್ಕಾರಿ ವರ್ಕ್‌ಶಾಪ್‌ನಲ್ಲೇ ಇರಬೇಕಾ, ಖಾಸಗಿಗೂ ಕೊಡಬಹುದಾ?

ಲೇತ್_ಹಾಸನ
ಎಲ್ಲರಿಗೂ ನಮಸ್ಕಾರ. ಹಾಸನದ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮದೊಂದು ಸಣ್ಣ ಮಷೀನ್ ಶಾಪ್ ಇದೆ. ಕಾಫಿ ಪಲ್ಪರ್‌ನ ಬಿಡಿಭಾಗ, ಟ್ರ್ಯಾಕ್ಟರ್ ಹೈಡ್ರಾಲಿಕ್, ಲಾರಿ ಬಸ್ಸುಗಳ ಡ್ರಮ್ ಟರ್ನಿಂಗ್, ಇವೇ ದಿನದ ಕೆಲಸ. ಮೊನ್ನೆ ಬೆಂಗಳೂರಿನ ಒಂದು ಕಂಪನಿಯವರು ಬಂದಿದ್ದರು. ಸೇನೆಯ ಲಾರಿಗಳ ಓವರ್‌ಹಾಲ್‌ಗೆ (ಪೂರ್ತಿ ಬಿಚ್ಚಿ ರಿಪೇರಿ ಮಾಡುವ ಕೆಲಸಕ್ಕೆ) ಟೆಂಡರ್ ಹಾಕುವವರಿದ್ದಾರೆ. ಸಿಕ್ಕರೆ ಗೇರ್‌ಬಾಕ್ಸ್ ಶಾಫ್ಟ್, ಬುಷ್, ವಾಟರ್ ಪಂಪ್ ಹೌಸಿಂಗ್ ಇಂಥವನ್ನು ನಮ್ಮ ಹತ್ತಿರ ಮಾಡಿಸುವ ಯೋಚನೆ ಅವರಿಗಿದೆ.

ದುಡ್ಡಿನ ಲೆಕ್ಕ ನಾನು ಹಾಕಿಕೊಳ್ಳುತ್ತೇನೆ. ಕಾಡುತ್ತಿರುವುದು ಬೇರೆ. ನಮ್ಮ ದೊಡ್ಡಪ್ಪ ಬೆಂಗಳೂರಿನ 515 ಆರ್ಮಿ ಬೇಸ್ ವರ್ಕ್‌ಶಾಪ್‌ನಲ್ಲಿ ಫಿಟ್ಟರ್ ಆಗಿದ್ದವರು. ವಿಷಯ ಕಿವಿಗೆ ಬಿದ್ದ ಕೂಡಲೇ ‘ಆ ಕೆಲಸ ಗೇಟಿನಿಂದ ಆಚೆಗೆ ಹೋಗಬಾರದು ಕಣಪ್ಪ’ ಅಂದರು. ಅಂಗಡಿಯ ಹುಡುಗರು ‘ಯಾಕೆ ಹೋಗಬಾರದು? ನಾವೇನು ಅಳತೆ ತಪ್ಪಿಸ್ತೀವಾ?’ ಅನ್ನುತ್ತಾರೆ. ಎರಡೂ ಮಾತಿನಲ್ಲಿ ಹುರುಳಿದೆ ಅನ್ನಿಸುತ್ತದೆ. ಈ ಕೆಲಸ ಖಾಸಗಿಯವರು ಮಾಡುವುದು ದೇಶಕ್ಕೆ ಒಳ್ಳೆಯದಾ, ಕೆಟ್ಟದ್ದಾ? ಸೇನೆಯಲ್ಲಿ ಇದ್ದು ಬಂದವರು ನಮ್ಮ ಜಿಲ್ಲೆಯಲ್ಲಿ ತುಂಬ ಜನ ಇದ್ದೀರಿ. ದಯವಿಟ್ಟು ಬರೆಯಿರಿ.

ಕ್ರಾಫ್ಟ್ಸ್‌ಮನ್_ಅರಕಲಗೂಡು
ನಾನು ಇಎಂಇಯಲ್ಲಿ ಕ್ರಾಫ್ಟ್ಸ್‌ಮನ್ (ರಿಪೇರಿ ಕೆಲಸದ ಸೈನಿಕ) ಆಗಿ ಸೇರಿ ಹವಾಲ್ದಾರ್ ಆಗಿ ಬಂದವನು. ಗೊತ್ತಿಲ್ಲದವರಿಗೆ: ಇಎಂಇ ಎಂದರೆ ಸೇನೆಯ ರಿಪೇರಿ ದಳ. 1943ರ ಅಕ್ಟೋಬರ್ 15ರಂದು ಹುಟ್ಟಿದ್ದು. ಬಂದೂಕಿನಿಂದ ಹಿಡಿದು ಟ್ಯಾಂಕು, ರೇಡಾರ್ ತನಕ ಸೇನೆಯಲ್ಲಿ ಏನು ಕೆಟ್ಟರೂ ನಮ್ಮ ಕೈಗೇ ಬರಬೇಕು.

ಲೇತ್ ಅವರೇ, ಮೊದಲು ಒಂದು ವಿಷಯ. ರಿಪೇರಿ ಅನ್ನುವುದು ಒಂದೇ ಕೆಲಸ ಅಲ್ಲ, ಅದಕ್ಕೆ ಮೆಟ್ಟಿಲುಗಳಿವೆ. ಆಯಿಲ್, ಫಿಲ್ಟರ್, ಬ್ಯಾಟರಿ ಎಲ್ಲ ಯೂನಿಟ್‌ನಲ್ಲೇ ಆಗುತ್ತದೆ. ಅದಕ್ಕಿಂತ ದೊಡ್ಡದಾದರೆ ಯೂನಿಟ್ ಜೊತೆಗೇ ಇರುವ ಇಎಂಇ ತುಕಡಿ, ಅದರ ಹಿಂದೆ ಫೀಲ್ಡ್ ವರ್ಕ್‌ಶಾಪ್. ಅಲ್ಲೂ ಆಗದಿದ್ದರೆ ‘ಬಿಎಲ್‌ಆರ್’ (ಇಲ್ಲಿ ರಿಪೇರಿ ಆಗದು) ಅಂತ ಚೀಟಿ ಬಿದ್ದು ಗಾಡಿ ಹಿಂದಕ್ಕೆ ಹೋಗುತ್ತದೆ. ಇಡೀ ಗಾಡಿಯನ್ನು ನಟ್ಟು ಬೋಲ್ಟು ಬಿಡದೆ ಬಿಚ್ಚಿ, ಹೊಸದರ ಹಾಗೆ ಕಟ್ಟಿ ಕೊಡುವುದು ಬೇಸ್ ವರ್ಕ್‌ಶಾಪ್. ದೆಹಲಿ, ಮೀರತ್, ಜಬಲ್‌ಪುರ, ಪುಣೆಯ ಖಡ್ಕಿ, ಆಗ್ರಾ, ಅಲಹಾಬಾದ್, ಕೋಲ್ಕತ್ತ ಹತ್ತಿರದ ಕಾಂಕಿನಾಡ, ನಮ್ಮ ಬೆಂಗಳೂರು, ಒಟ್ಟು ಎಂಟು.

ಯೂನಿಟ್ ಮಟ್ಟದಲ್ಲೂ ಫೀಲ್ಡ್‌ನಲ್ಲೂ ಖಾಸಗಿಯ ಮಾತೇ ಇಲ್ಲ. ಗುಂಡು ಬೀಳುವ ಜಾಗಕ್ಕೆ ಯೂನಿಫಾರ್ಮ್ ತೊಟ್ಟವನನ್ನು ಮಾತ್ರ ಕಳಿಸಬಹುದು. ಇನ್ನೊಂದು ತುದಿಯಲ್ಲಿ, ವಾರಂಟಿಯಲ್ಲಿರುವ ಜೀಪು ಕಾರುಗಳು ಕಂಪನಿಯ ಸರ್ವಿಸ್ ಸೆಂಟರ್‌ಗೆ ಹೋಗುವುದು ಹಳೇ ಕಥೆ, ಅದರಿಂದ ಯಾರಿಗೂ ಏನೂ ಆಗಿಲ್ಲ. ಜಗಳ ಇರುವುದೆಲ್ಲ ಬೇಸ್ ಮಟ್ಟದ ಬಗ್ಗೆ. ನಿಮಗೆ ಬಂದಿರುವ ಕೆಲಸವೂ ಅಲ್ಲಿಯದೇ.

ಕಡೂರು_ಲೆಕ್ಕ
ನಾನು ಕಾಸ್ಟ್ ಅಕೌಂಟೆಂಟ್, ಸೇನೆಯಲ್ಲಿ ಇದ್ದವನಲ್ಲ. ಹವಾಲ್ದಾರ್ ಸಾಹೇಬರ ಮೇಲೆ ಪೂರ್ತಿ ಗೌರವ ಇಟ್ಟುಕೊಂಡೇ ಎದುರು ವಾದ ಮಾಡುತ್ತೇನೆ.

ಬೇಸ್ ವರ್ಕ್‌ಶಾಪ್‌ಗಳನ್ನು ಖಾಸಗಿಯವರಿಂದ ನಡೆಸುವ ಯೋಚನೆ ಯಾರೋ ವ್ಯಾಪಾರಿಗಳ ತಲೆಯಲ್ಲಿ ಹುಟ್ಟಿದ್ದಲ್ಲ. ನಿವೃತ್ತ ಲೆಫ್ಟಿನೆಂಟ್ ಜನರಲ್ ಡಿ.ಬಿ. ಶೇಕಟ್ಕರ್ ಅವರ ಸಮಿತಿ ಸೇನೆಯ ಖರ್ಚನ್ನು ಹೋರಾಟದ ಶಕ್ತಿಯ ಕಡೆಗೆ ತಿರುಗಿಸುವುದು ಹೇಗೆಂದು ಶಿಫಾರಸು ಮಾಡಿತು. 2017ರ ಆಗಸ್ಟ್‌ನಲ್ಲಿ ಸರ್ಕಾರ ಅದರಲ್ಲಿ 65 ಶಿಫಾರಸುಗಳನ್ನು ಒಪ್ಪಿ, ಸುಮಾರು 57 ಸಾವಿರ ಜನರನ್ನು ಬೇರೆ ಕೆಲಸಕ್ಕೆ ಹಚ್ಚುವ ತೀರ್ಮಾನ ಪ್ರಕಟಿಸಿತು. ಮಿಲಿಟರಿ ಡೈರಿ ಫಾರಂಗಳನ್ನು ಮುಚ್ಚುವ ತೀರ್ಮಾನ ಆದದ್ದೂ ಆಗಲೇ. ಬೇಸ್ ವರ್ಕ್‌ಶಾಪ್‌ಗಳಿಗೆ ‘ಗೋಕೋ’ ಪದ್ಧತಿಯ ಯೋಜನೆ ಬಂತು: ಜಾಗ, ಕಟ್ಟಡ, ಯಂತ್ರ ಸರ್ಕಾರದ್ದು, ನಡೆಸುವವನು ಗುತ್ತಿಗೆದಾರ. ನೌಕರರ ಸಂಘಗಳು ಗಟ್ಟಿಯಾಗಿ ವಿರೋಧಿಸಿದವು.

ನನ್ನ ತಕರಾರು ಲೆಕ್ಕದ್ದು. ಸರ್ಕಾರಿ ವರ್ಕ್‌ಶಾಪ್‌ನಲ್ಲಿ ಒಂದು ಎಂಜಿನ್ ಓವರ್‌ಹಾಲ್‌ಗೆ ಎಷ್ಟಾಯಿತು ಎಂದು ಕೇಳಿದರೆ ಸಾಮಾನಿನ ಬೆಲೆ, ಕೂಲಿ ಗಂಟೆ ಹೇಳುತ್ತಾರೆ. ಜಾಗದ ಬಾಡಿಗೆ, ಪಿಂಚಣಿ, ಖಾಲಿ ಕೂತ ಯಂತ್ರದ ಸವಕಳಿ ಯಾರ ಪುಸ್ತಕದಲ್ಲಿ ಬರುತ್ತದೆ? ಖಾಸಗಿಯವನು ಇವೆಲ್ಲವನ್ನೂ ಸೇರಿಸಿ ದರ ಹೇಳಬೇಕು. ಹೋಲಿಕೆಯೇ ಸರಿಸಮ ಅಲ್ಲ.

ಇನ್ನು ಸಮಯ. ಐಎನ್‌ಎಸ್ ಸಿಂಧುಕೀರ್ತಿ ಎಂಬ ಜಲಾಂತರ್ಗಾಮಿ 2006ರಲ್ಲಿ ವಿಶಾಖಪಟ್ಟಣದ ಸರ್ಕಾರಿ ಹಡಗುಕಟ್ಟೆಗೆ ರಿಪೇರಿಗೆ ಹೋದದ್ದು ಹೊರಬಂದದ್ದು 2015ರಲ್ಲಿ. ಸುಮಾರು ಒಂಬತ್ತು ವರ್ಷ ಒಂದು ಯುದ್ಧನೌಕೆ ಲೆಕ್ಕಕ್ಕಿಲ್ಲ. ಖಾಸಗಿಯವನಾಗಿದ್ದರೆ ಕರಾರಿನಲ್ಲಿ ವಿಳಂಬಕ್ಕೆ ದಂಡ ಇರುತ್ತಿತ್ತು. ಇಲ್ಲಿ ದಂಡ ಕಟ್ಟಿದರೂ ಸರ್ಕಾರದ ಒಂದು ಜೇಬಿನಿಂದ ಇನ್ನೊಂದಕ್ಕೆ, ಅಷ್ಟೇ.

ನೌಕಾ_ಸಕಲೇಶಪುರ
ಸಿಂಧುಕೀರ್ತಿಯ ವಿಷಯ ಬಂದದ್ದಕ್ಕೆ ಬರೆಯುತ್ತಿದ್ದೇನೆ. ನಾನು ನೌಕಾಪಡೆಯಲ್ಲಿ ಎಂಜಿನ್ ರೂಮ್ ಆರ್ಟಿಫಿಸರ್ ಆಗಿದ್ದೆ. ಕೊನೆಯ ಪೋಸ್ಟಿಂಗ್ ಕಾರವಾರ.

ಒಂಬತ್ತು ವರ್ಷ ಆದದ್ದು ನಿಜ, ಅದನ್ನು ಯಾರೂ ಸಮರ್ಥಿಸಬಾರದು. ಆದರೆ ಕಾರಣ ನೋಡಿ. ಆ ಯಾರ್ಡ್‌ಗೆ ಸಿಂಧುಕೀರ್ತಿಯಂಥ, ರಷ್ಯಾದ ಕಿಲೋ ದರ್ಜೆಯ ಸಬ್‌ಮರೀನ್ ಪೂರ್ತಿ ಬಿಚ್ಚಿದ ಅನುಭವ ಇರಲಿಲ್ಲ. ಬಿಚ್ಚಿದ ಮೇಲೆ ಒಳಗಿನ ಪೈಪು, ಕೇಬಲ್‌ಗಳ ಸ್ಥಿತಿ ಬೇರೆಯೇ ಇರುತ್ತದೆ, ಸಾಮಾನು ರಷ್ಯಾದಿಂದ ಬರಬೇಕು. ಅದೇ ಕೆಲಸವನ್ನು ಅನುಭವವಿಲ್ಲದ ಖಾಸಗಿ ಯಾರ್ಡ್‌ಗೆ ಕೊಟ್ಟಿದ್ದರೂ ಬಿಚ್ಚಿದ ಮೇಲೆ ‘ಇದು ಕರಾರಿನಲ್ಲಿ ಇರಲಿಲ್ಲ, ಹೆಚ್ಚುವರಿ ಕೊಡಿ’ ಎಂದು ಕೂರುತ್ತಿದ್ದರು. ರಿಪೇರಿಯ ಕರಾರಿನ ದೊಡ್ಡ ತೊಡಕೇ ಅದು. ಹೊಸದು ಕಟ್ಟುವಾಗ ಕೆಲಸ ಎಷ್ಟೆಂದು ಮೊದಲೇ ಗೊತ್ತು. ರಿಪೇರಿಯಲ್ಲಿ ಮುಚ್ಚಳ ತೆಗೆಯುವ ತನಕ ಯಾರಿಗೂ ಗೊತ್ತಿಲ್ಲ.

ಖಾಸಗಿ ಯಾರ್ಡ್‌ಗಳ ಕೈಚಳಕದ ಬಗ್ಗೆ ನನಗೆ ಅನುಮಾನ ಇಲ್ಲ. 2022ರ ಆಗಸ್ಟ್‌ನಲ್ಲಿ ಅಮೆರಿಕ ನೌಕಾಪಡೆಯ ಚಾರ್ಲ್ಸ್ ಡ್ರೂ ಹಡಗು ಚೆನ್ನೈ ಹತ್ತಿರದ ಕಾಟುಪಳ್ಳಿಗೆ, ಎಲ್ ಅಂಡ್ ಟಿ ಯಾರ್ಡ್‌ಗೆ ರಿಪೇರಿಗೆ ಬಂತು. ಅವರ ಹಡಗು ಭಾರತದಲ್ಲಿ ರಿಪೇರಿಯಾದದ್ದು ಅದೇ ಮೊದಲು. ಆದರೆ ಅದು ಸರಕು ಸಾಗಿಸುವ ಹಡಗು ಎಂಬುದನ್ನು ಮರೆಯಬೇಡಿ. ಹೊರಗೆ ಯಾವುದನ್ನು ಕೊಡಬೇಕು ಎಂಬುದು ಅಮೆರಿಕದವರಿಗೂ ಚೆನ್ನಾಗಿ ಗೊತ್ತು.

ಮೂಡಿಗೆರೆ_ತಾಯಿ
ನನಗೆ ತಾಂತ್ರಿಕ ವಿಷಯ ಅಷ್ಟು ತಿಳಿಯದು. ನನ್ನ ಮಗ ಇಎಂಇಯಲ್ಲಿದ್ದಾನೆ, ಎರಡು ಚಳಿಗಾಲ ಲಡಾಖ್‌ನಲ್ಲಿ ಕಳೆದ. ಅಲ್ಲಿ ರಾತ್ರಿ ಎಂಜಿನ್‌ಗಳನ್ನು ಆಗಾಗ ಚಾಲೂ ಮಾಡುತ್ತಾ ಇರಬೇಕು, ಇಲ್ಲದಿದ್ದರೆ ಬೆಳಿಗ್ಗೆ ಅಲ್ಲಾಡುವುದಿಲ್ಲ ಅಂತ ಹೇಳುತ್ತಿರುತ್ತಾನೆ. ನ್ಯೋಮಾ ಮತ್ತು ದೌಲತ್ ಬೇಗ್ ಓಲ್ಡಿ ಕಡೆ 14,500 ಅಡಿ ಎತ್ತರದಲ್ಲಿ ಟ್ಯಾಂಕ್ ರಿಪೇರಿಗೆ ಜಾಗ ಮಾಡಿದ್ದಾರೆ ಎಂದು ಪೇಪರಿನಲ್ಲೂ ಓದಿದೆ.

ಖಾಸಗಿ, ಸರ್ಕಾರಿ ಏನೇ ಮಾಡಿ ಸಾರ್. ಕೆಳಗೆ ಯಾರೋ ಓವರ್‌ಹಾಲ್ ಮಾಡಿ ಕಳಿಸಿದ ಎಂಜಿನ್ ಮೇಲೆ ಕೆಟ್ಟರೆ ಅದರ ಮುಂದೆ ಕೈ ಸೆಟೆದು ನಿಲ್ಲುವವನು ನನ್ನ ಮಗ. ಕೆಳಗಿನವನಿಗೂ ಮೇಲಿನವನಿಗೂ ಪರಿಚಯ ಇರಬೇಕಲ್ಲವಾ? ‘ಹೋದ ಸಲ ನೀವು ಕಳಿಸಿದ್ದರಲ್ಲಿ ಈ ತೊಂದರೆ ಇತ್ತು’ ಎಂದು ಅವನು ಯಾರಿಗೆ ಹೇಳಬೇಕು? ಕಸ್ಟಮರ್ ಕೇರ್‌ಗಾ?

ಬಸ್_ಬೇಲೂರು
ಅಮ್ಮ ಕೇಳಿದ್ದು ನೂರಕ್ಕೆ ನೂರು ಸರಿ. ನಾನು ಕೆಎಸ್‌ಆರ್‌ಟಿಸಿ ಮೆಕ್ಯಾನಿಕ್. ಯುದ್ಧದ ವಿಷಯ ಗೊತ್ತಿಲ್ಲ, ಆದರೆ ಸರ್ಕಾರಿ ರಿಪೇರಿ, ಖಾಸಗಿ ರಿಪೇರಿ ಎರಡೂ ಕಣ್ಣೆದುರು ಇವೆ.

ನಮ್ಮ ಹಾಸನದಲ್ಲಿ ನಿಗಮದ ಪ್ರಾದೇಶಿಕ ಕಾರ್ಯಾಗಾರ ಇದೆ, ಕೆಂಗೇರಿಯದ್ದು ಬಿಟ್ಟರೆ ಇಂಥದ್ದು ಇಲ್ಲೇ. ಡಿಪೋದಲ್ಲಿ ದಿನದ ಕೆಲಸ, ಡಾಕಿಂಗ್ (ಆಗಾಗ ಮಾಡುವ ತಪಾಸಣೆ). ದೊಡ್ಡದು ಬಂದರೆ ಮೇಲಿನ ವರ್ಕ್‌ಶಾಪ್‌ಗೆ. ಹವಾಲ್ದಾರ್ ಸಾರ್ ಹೇಳಿದ ಮೆಟ್ಟಿಲುಗಳೇ. ಡಿಪೋಗೆ ಹೊಸದಾಗಿ ಬಂದ ಹುಡುಗ ಬಾನೆಟ್ ಎತ್ತಿ ಪಾರ್ಟ್ ಬದಲಿಸುವುದು ಕಲಿಯುತ್ತಾನೆ. ವರ್ಕ್‌ಶಾಪ್‌ನಲ್ಲಿ ಹಿರಿಯರ ಪಕ್ಕ ನಿಂತು ಎಂಜಿನ್ ಪೂರ್ತಿ ಬಿಚ್ಚಿದವನು ಮಾತ್ರ ಸದ್ದು ಕೇಳಿ ‘ಇದು ಬೇರಿಂಗ್, ಇದು ಟೈಮಿಂಗ್’ ಅಂತ ಹೇಳುತ್ತಾನೆ.

ಈಗ ಎಲೆಕ್ಟ್ರಿಕ್ ಬಸ್ ಬಂದಿವೆ. ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಓಡುವ ಇವಿ ಪವರ್ ಪ್ಲಸ್ ನೋಡಿರುತ್ತೀರಿ. ಬಸ್ಸು, ಡ್ರೈವರ್, ಮೇಂಟೆನೆನ್ಸ್ ಎಲ್ಲ ಗುತ್ತಿಗೆದಾರರದ್ದು, ಕಂಡಕ್ಟರ್ ಮಾತ್ರ ನಿಗಮದವನು. ಕಿಲೋಮೀಟರಿಗೆ ಇಷ್ಟು ಅಂತ ದುಡ್ಡು. ಬಸ್ಸು ಚೆನ್ನಾಗಿವೆ, ಜನಕ್ಕೂ ಇಷ್ಟ, ಸುಳ್ಳು ಹೇಳುವುದಿಲ್ಲ. ಓಡದಿದ್ದರೆ ದುಡ್ಡಿಲ್ಲ, ಆದ್ದರಿಂದ ಅವರೂ ಮುತುವರ್ಜಿಯಿಂದ ನೋಡಿಕೊಳ್ಳುತ್ತಾರೆ. ನನಗೆ ಸಂಕಟ ಆಗುವುದು ಒಂದೇ: ಆ ಬಸ್ಸಿನ ಮೋಟಾರು, ಬ್ಯಾಟರಿ, ಕಂಟ್ರೋಲರ್ ನಮ್ಮವರು ಯಾರೂ ಮುಟ್ಟಿಲ್ಲ. ನಾಳೆ ಗುತ್ತಿಗೆ ಮುಗಿದು ‘ನೀವೇ ನೋಡಿಕೊಳ್ಳಿ’ ಅಂದರೆ ನಮಗೆ ಸ್ಪ್ಯಾನರ್ ಎಲ್ಲಿಗೆ ಹಾಕಬೇಕು ಅಂತಲೂ ಗೊತ್ತಿರುವುದಿಲ್ಲ. ಆಗ ಅವರು ಕೇಳಿದ ದರಕ್ಕೆ ಒಪ್ಪಬೇಕು. ಬಸ್ಸಿಗಾದರೆ ಜನ ರೈಲಿನಲ್ಲಿ ಹೋಗುತ್ತಾರೆ.

ಮಲೆನಾಡು_ಮೇಷ್ಟ್ರು
ಮೆಕ್ಯಾನಿಕಲ್ ವಿಭಾಗದಲ್ಲಿ ಪಾಠ ಮಾಡಿ ನಿವೃತ್ತನಾದವನು. ಬಸ್_ಬೇಲೂರು ಅವರು ಮುಟ್ಟಿದ ಜಾಗದಲ್ಲೇ ಅಮೆರಿಕದವರೂ ಎಡವಿದ್ದಾರೆ. ಅಲ್ಲಿ ಇದು ನಮ್ಮಲ್ಲಿಗಿಂತ ಹಳೆಯ ವ್ಯಾಜ್ಯ.

ಅಲ್ಲಿ ಕಾನೂನೇ ಇದೆ: ಡಿಪೋ ಮಟ್ಟದ (ಬಸ್ ಡಿಪೋ ಅಲ್ಲ, ನಮ್ಮ ಬೇಸ್ ವರ್ಕ್‌ಶಾಪ್ ಇದ್ದ ಹಾಗೆ) ರಿಪೇರಿಗೆ ಸಿಗುವ ವರ್ಷದ ಹಣದಲ್ಲಿ ಶೇ. 50ಕ್ಕಿಂತ ಹೆಚ್ಚು ಖಾಸಗಿಯವರಿಗೆ ಹೋಗುವಂತಿಲ್ಲ. ಮೊದಲು ಈ ಮಿತಿ ಶೇ. 40 ಇತ್ತು, 1990ರ ದಶಕದ ಕೊನೆಯಲ್ಲಿ ಸಡಿಲಿಸಿದರು. ಜೊತೆಗೆ ಇನ್ನೊಂದು ಕಲಮು: ಯುದ್ಧಕ್ಕೆ ಅತ್ಯಗತ್ಯವಾದ ಆಯುಧಗಳ ರಿಪೇರಿಯ ಸಾಮರ್ಥ್ಯ ಸರ್ಕಾರದ ಡಿಪೋಗಳಲ್ಲೇ ಇರಬೇಕು, ಅಲ್ಲಿನ ಕೈಗಳಿಗೆ ಸಾಕಷ್ಟು ಕೆಲಸವನ್ನೂ ಕೊಡುತ್ತಿರಬೇಕು. ಈ ಎರಡನೆಯದು ನನಗೆ ಹೆಚ್ಚು ಮುಖ್ಯ. ಸಾಮರ್ಥ್ಯವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಉಳಿಸಲು ಆಗುವುದಿಲ್ಲ. ಶಾಂತಿಕಾಲದಲ್ಲೂ ಕೆಲಸ ನಡೆಯುತ್ತಿದ್ದರೆ ಮಾತ್ರ ಅದು ಇರುತ್ತದೆ. ಅಲಬಾಮಾದ ಆ್ಯನಿಸ್ಟನ್‌ನಲ್ಲಿ ಟ್ಯಾಂಕು, ಟೆಕ್ಸಾಸ್‌ನ ಕಾರ್ಪಸ್ ಕ್ರಿಸ್ಟಿಯಲ್ಲಿ ಹೆಲಿಕಾಪ್ಟರ್, ಹೀಗೆ ಡಿಪೋಗಳನ್ನು ಉಳಿಸಿಕೊಂಡಿದ್ದಾರೆ. (ಅದರಲ್ಲಿ ಆಯಾ ಊರಿನ ರಾಜಕಾರಣಿಗಳ ಒತ್ತಡವೂ ಇದೆ ಎಂಬುದನ್ನು ಮುಚ್ಚಿಡಬಾರದು.)

ಬ್ರಿಟನ್ ಬೇರೆ ದಾರಿ ಹಿಡಿಯಿತು. ಸೇನೆಯ ವಾಹನ ರಿಪೇರಿ ಮಾಡುತ್ತಿದ್ದ ಸರ್ಕಾರಿ ಸಂಸ್ಥೆ ಡಿಎಸ್‌ಜಿಯನ್ನು 14 ಕೋಟಿ ಪೌಂಡ್‌ಗೆ ಬ್ಯಾಬ್‌ಕಾಕ್ ಕಂಪನಿಗೆ ಮಾರಿ, 2015ರಿಂದ ಹತ್ತು ವರ್ಷದ ಗುತ್ತಿಗೆಯನ್ನೂ ಅವರಿಗೇ ಕೊಟ್ಟಿತು. ಮಾರಿದ್ದನ್ನು ವಾಪಸ್ ತರುವುದು ಸುಲಭವಲ್ಲ.

ಕಾನೂನಿದ್ದೂ ಅಮೆರಿಕ ಎಡವಿದ್ದು ಎಫ್-35 ಯುದ್ಧವಿಮಾನದಲ್ಲಿ. ಖರೀದಿಸುವಾಗ ರಿಪೇರಿಗೆ ಬೇಕಾದ ತಾಂತ್ರಿಕ ಮಾಹಿತಿಯ ಹಕ್ಕನ್ನು ಸರಿಯಾಗಿ ಪಡೆಯಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಅವರದೇ ಲೆಕ್ಕಪರಿಶೋಧನಾ ಸಂಸ್ಥೆ ವರದಿ ಕೊಟ್ಟಿತು: ಆ ವರ್ಷದ ಮಾರ್ಚ್‌ನಲ್ಲಿ ಹಾರಾಟಕ್ಕೆ ಸಿದ್ಧವಿದ್ದ ವಿಮಾನಗಳು ಸುಮಾರು ಶೇ. 55, ರಿಪೇರಿಗೆ ಕಾದಿದ್ದ ಬಿಡಿಭಾಗಗಳು 10,000ಕ್ಕೂ ಹೆಚ್ಚು. ಡಿಪೋ ಸರ್ಕಾರದ್ದೇ, ಆದರೆ ಬಿಚ್ಚಿ ಕಟ್ಟುವ ವಿದ್ಯೆಯ ಕಾಗದ ಕಂಪನಿಯದ್ದು. 2025ರ ಏಪ್ರಿಲ್‌ನಲ್ಲಿ ಅವರ ಸೇನೆಗೆ ಆದೇಶ ಬಂತು, ಕರಾರುಗಳಲ್ಲಿ ತಾವೇ ರಿಪೇರಿ ಮಾಡಿಕೊಳ್ಳುವ ಹಕ್ಕನ್ನು ಸೇರಿಸಿ ಎಂದು.

ನಮ್ಮಲ್ಲಿ ಬೋಫೋರ್ಸ್ ಇದೇ ಪಾಠ ಕಲಿಸಿತ್ತು. 1986ರಲ್ಲಿ 410 ತೋಪಿಗೆ ಕರಾರು ಮಾಡಿಕೊಂಡೆವು. ಹಗರಣ ಎದ್ದು ಕಂಪನಿಯ ಜೊತೆ ವ್ಯವಹಾರ ನಿಂತಿತು, ಬಿಡಿಭಾಗ ಬತ್ತಿತು. ಒಂದು ತೋಪಿನ ಭಾಗ ಬಿಚ್ಚಿ ಇನ್ನೊಂದಕ್ಕೆ ಹಾಕಿ ನಡೆಸಿದ ಕಾಲ ಅದು. ಆದರೂ 1999ರಲ್ಲಿ ಕಾರ್ಗಿಲ್‌ನಲ್ಲಿ ಅವು ಕೆಲಸ ಮಾಡಿದವು ಎಂದರೆ ಅದು ಇಎಂಇ ಕೈಗಳ ಪುಣ್ಯ. ಖರೀದಿಯ ಜೊತೆ ಬಂದಿದ್ದ ನಕ್ಷೆಗಳು ವರ್ಷಗಟ್ಟಲೆ ಧೂಳು ತಿಂದು, ಕೊನೆಗೆ ಜಬಲ್‌ಪುರದಲ್ಲಿ ಧನುಷ್ ತೋಪು ಮಾಡಲು ಆಧಾರವಾದವು. ಖಾಸಗಿಯಾ ಸರ್ಕಾರಿಯಾ ಎಂದು ಕೇಳುವ ಮುಂಚೆ ನಕ್ಷೆ ಯಾರ ಕೈಯಲ್ಲಿ ಇರುತ್ತದೆ ಎಂದು ಕೇಳಿ.

ಕಡೂರು_ಲೆಕ್ಕ
ಮೇಷ್ಟ್ರೇ, ನಕ್ಷೆಯ ಮಾತು ಒಪ್ಪಿದೆ. ಆದರೆ ಅದು ಖಾಸಗಿಯ ವಿರುದ್ಧದ ವಾದ ಅಲ್ಲ, ಕೆಟ್ಟ ಕರಾರಿನ ವಿರುದ್ಧದ ವಾದ. ನಕ್ಷೆ ಕೊಡಲೇಬೇಕು ಎಂದು ಕರಾರಿನಲ್ಲಿ ಬರೆಯಿರಿ, ಮುಗಿಯಿತು.

ಸರ್ಕಾರಿ ಎಂದರೂ ಈಗ ಒಂದೇ ಬಗೆ ಉಳಿದಿಲ್ಲ. 2021ರ ಅಕ್ಟೋಬರ್ 1ರಂದು ಸೇನೆಗೆ ಆಯುಧ, ಸಾಮಾನು ಮಾಡುವ 41 ಆರ್ಡ್ನೆನ್ಸ್ ಕಾರ್ಖಾನೆಗಳು ಸರ್ಕಾರಿ ಒಡೆತನದ ಏಳು ಕಂಪನಿಗಳಾದವು. ಸೇನೆಯ ಸ್ಟಾಲಿಯನ್ ಲಾರಿಯನ್ನೇ ನೋಡಿ. ವಿನ್ಯಾಸ ಅಶೋಕ್ ಲೇಲ್ಯಾಂಡ್‌ನದು, ಜೋಡಿಸಿದ್ದು ಜಬಲ್‌ಪುರದ ಸರ್ಕಾರಿ ಕಾರ್ಖಾನೆ, ರಿಪೇರಿ ಇಎಂಇಯದು. ಅದೇ ಎಂಜಿನಿನ ಅಣ್ಣತಮ್ಮಂದಿರನ್ನು ಬಿ.ಎಂ. ರಸ್ತೆಯ ಗ್ಯಾರೇಜಿನಲ್ಲಿ ದಿನಾ ಬಿಚ್ಚುತ್ತಾರೆ. ಆ ಲಾರಿಯ ವಾಟರ್ ಪಂಪ್‌ಗೆ ಎಫ್-35ರ ಭಯ ಯಾಕೆ?

ಕ್ರಾಫ್ಟ್ಸ್‌ಮನ್_ಅರಕಲಗೂಡು
ಲೆಕ್ಕದ ಸಾಹೇಬರೇ, ಲಾರಿಯ ವಿಷಯದಲ್ಲಿ ನಿಮ್ಮ ಮಾತಿಗೆ ನನ್ನ ವಿರೋಧ ಇಲ್ಲ. ಊರಿನ ಗ್ಯಾರೇಜಿನಲ್ಲಿ ಸಿಗುವ ಕೆಲಸಕ್ಕೆ ಬೇಸ್ ವರ್ಕ್‌ಶಾಪ್‌ನ ಜಾಗ ಯಾಕೆ ತುಂಬಬೇಕು? ಟಿ-72 ಟ್ಯಾಂಕಿನ ಎಂಜಿನ್ ಬೇರೆ ಮಾತು. ಹನ್ನೆರಡು ಸಿಲಿಂಡರು, 780 ಅಶ್ವಶಕ್ತಿ. ಅದನ್ನು ಹೊರಗೆ ಯಾವ ಗ್ಯಾರೇಜಿನವನೂ ಮುಟ್ಟಿಲ್ಲ.

ಆದರೆ ನಕ್ಷೆ ಕೊಟ್ಟರೆ ಮುಗಿಯಿತು ಅಂದಿರಲ್ಲ, ಅಲ್ಲೇ ನನ್ನ ತಕರಾರು. ನಕ್ಷೆ ಓದಿ ಯಾರೂ ಮೆಕ್ಯಾನಿಕ್ ಆಗುವುದಿಲ್ಲ. ನಾನು ಬೇಸ್‌ಗೆ ಪೋಸ್ಟಿಂಗ್ ಹೋದಾಗ ಅಲ್ಲಿ ಹೆಚ್ಚಿನವರು ಸಿವಿಲಿಯನ್ ಕೆಲಸಗಾರರು. ಒಬ್ಬೊಬ್ಬರು ಮೂವತ್ತು ವರ್ಷ ಒಂದೇ ಬೆಂಚಿನಲ್ಲಿ ಫ್ಯೂಯಲ್ ಪಂಪ್ ಮಾಡಿದವರು. ನಮ್ಮಂಥ ಯೂನಿಫಾರ್ಮಿನವರು ಅವರ ಕೈಕೆಳಗೆ ಕಲಿತು ಫೀಲ್ಡ್‌ಗೆ ಹೋದೆವು. ರಾಜಸ್ಥಾನದ ಮರಳಿನಲ್ಲಿ, ಟಾರ್ಚ್ ಬೆಳಕಿನಲ್ಲಿ ಪಂಪ್ ತೆಗೆದಾಗ ನನ್ನ ಬೆರಳಿಗೆ ದಾರಿ ತೋರಿಸಿದ್ದು ಆ ಬೆಂಚು. ಫೀಲ್ಡ್ ಮಾತ್ರ ಸೇನೆಯ ಹತ್ತಿರ ಇರಲಿ, ಬೇಸ್ ಖಾಸಗಿಗೆ ಹೋಗಲಿ ಅನ್ನುವವರು ಈ ಕೊಂಡಿಯನ್ನು ನೋಡುತ್ತಿಲ್ಲ. ಬೇಸ್ ಹೋದ ದಿನ ಏನೂ ಗೊತ್ತಾಗುವುದಿಲ್ಲ. ಹಳಬರು ನಿವೃತ್ತರಾಗುತ್ತಾ ಹೋದ ಹಾಗೆ ಫೀಲ್ಡ್ ವರ್ಕ್‌ಶಾಪ್‌ನಲ್ಲಿ ಪಾರ್ಟ್ ಬದಲಿಸುವವರು ಉಳಿಯುತ್ತಾರೆ, ರಿಪೇರಿ ಮಾಡುವವರು ಇರುವುದಿಲ್ಲ. 2022ರಿಂದ ಅಗ್ನಿಪಥ ಬಂದ ಮೇಲೆ ನನಗೆ ಈ ಚಿಂತೆ ಜಾಸ್ತಿಯಾಗಿದೆ. ನಾಲ್ಕು ವರ್ಷಕ್ಕೆ ಮುಕ್ಕಾಲು ಪಾಲು ಹುಡುಗರು ಮನೆಗೆ ಹೋದರೆ, ಆ ವಿದ್ಯೆ ನಿಲ್ಲುವ ಜಾಗ ಬೇಸ್ ಒಂದೇ.

ಲೇತ್ ಅವರೇ, ನಿಮಗೆ ಇನ್ನೊಂದು ಮಾತು. 2017ರಲ್ಲಿ ಧನುಷ್ ತೋಪಿಗೆ ಜರ್ಮನಿಯದ್ದು ಎಂದು ಹೇಳಿ ಚೀನಾದ ಬೇರಿಂಗ್ ಕೊಟ್ಟ ಆರೋಪದ ಮೇಲೆ ಸಿಬಿಐ ಕೇಸು ಹಾಕಿತು. ಕೊಟ್ಟದ್ದು ಖಾಸಗಿ ಸರಬರಾಜುದಾರ, ತೆಗೆದುಕೊಂಡದ್ದು ಸರ್ಕಾರಿ ಕಾರ್ಖಾನೆ. ನಿಮ್ಮ ಹುಡುಗರು ಅಳತೆ ತಪ್ಪಿಸುವುದಿಲ್ಲ, ನಂಬುತ್ತೇನೆ. ಆದರೆ ನಿಮಗೆ ಬರುವ ಉಕ್ಕಿನ ರಾಡ್‌ನ ಸರ್ಟಿಫಿಕೇಟ್ ನಿಜವಾ ಎಂದು ಯಾರು ಪರೀಕ್ಷೆ ಮಾಡುತ್ತಾರೆ? ಅದು ಮೊದಲು ಗೊತ್ತಾಗಲಿ.

ಲೇತ್_ಹಾಸನ
ಇಷ್ಟು ಬರೆದಿದ್ದಕ್ಕೆ ಎಲ್ಲರಿಗೂ ಕೃತಜ್ಞತೆ. ದೊಡ್ಡಪ್ಪನಿಗೂ ಓದಿ ಹೇಳಿದೆ. ಬೆಂಚಿನ ಮಾತು ಬಂದಾಗ ಅವರು ‘ಅದನ್ನೇ ನಾನು ಹೇಳಲು ಹೊರಟದ್ದು’ ಅಂದರು.

ಕಂಪನಿಯವರಿಗೆ ಹೀಗೆ ಬರೆಯಬೇಕೆಂದಿದ್ದೇನೆ. ಲಾರಿಯ ಸಾಮಾನು ಮಾತ್ರ ಮಾಡುತ್ತೇವೆ, ಟ್ಯಾಂಕು ತೋಪಿನದ್ದು ಬೇಡ. ನಕ್ಷೆಗೆ ರಕ್ಷಣಾ ಸಚಿವಾಲಯದ ಗುಣಮಟ್ಟ ನಿರ್ದೇಶನಾಲಯದ ಮುದ್ರೆ ಇರಲೇಬೇಕು, ಹಳೇ ಪಾರ್ಟ್ ನೋಡಿ ಅಳತೆ ತೆಗೆದು ಮಾಡುವುದಿಲ್ಲ. ಉಕ್ಕಿನ ಪರೀಕ್ಷೆ ಹೊರಗಿನ ಲ್ಯಾಬ್‌ನಲ್ಲಿ ಆಗಬೇಕು. ಮತ್ತೆ, ಸೇನೆ ಒಪ್ಪಿದರೆ ಇಬ್ಬರು ಕ್ರಾಫ್ಟ್ಸ್‌ಮನ್‌ಗಳು ನಮ್ಮ ಶಾಪ್‌ನಲ್ಲಿ ನಿಂತು ಕೆಲಸ ಮಾಡಲಿ, ಕಲಿಯಲಿ, ನಮಗೂ ಹೇಳಿಕೊಡಲಿ. ಈ ಕೊನೆಯದು ಕರಾರಿನಲ್ಲಿ ಬರುತ್ತದಾ?

ನೌಕಾ_ಸಕಲೇಶಪುರ
ಹಡಗಿನ ಕೆಲಸದಲ್ಲಿ ನಮ್ಮ ತಂಡ ಯಾರ್ಡ್‌ನಲ್ಲೇ ಇದ್ದು ಪ್ರತಿ ಹಂತ ನೋಡುತ್ತದೆ. ಆದ್ದರಿಂದ ಆಗದ ಮಾತಲ್ಲ. ಆದರೆ ನೋಡುವುದಕ್ಕೆ ಮಾತ್ರ ಅಂತ ಬರೆಸಬೇಡಿ. ‘ಕೈ ಹಾಕಿ ಕೆಲಸ ಮಾಡಲು’ ಅಂತ ಸ್ಪಷ್ಟವಾಗಿ ಬರೆಸಿ.

ಮೂಡಿಗೆರೆ_ತಾಯಿ
ಪಾರ್ಟ್ ಮೇಲೆ ನಿಮ್ಮ ಶಾಪ್‌ನ ಗುರುತು, ತಾರೀಕು ಹೊಡೆಯಿರಿ ಅಣ್ಣ. ಮೇಲೆ ಇರುವವನಿಗೆ ಯಾರದ್ದು ಅಂತ ಗೊತ್ತಾಗಲಿ.

ಕಡೂರು_ಲೆಕ್ಕ
ಲೇತ್ ಅವರೇ, ಷರತ್ತುಗಳೆಲ್ಲ ಚೆನ್ನಾಗಿವೆ. ಹವಾಲ್ದಾರ್ ಸಾಹೇಬರ ಬೆಂಚಿನ ಮಾತು ನನ್ನ ಲೆಕ್ಕದ ಪುಸ್ತಕದಲ್ಲಿ ಇರಲಿಲ್ಲ, ಇರಬೇಕಿತ್ತು. ಆದರೆ ಕಲಿಯಲು ಬರುವ ಇಬ್ಬರಿಂದ ನಿಮ್ಮ ಉತ್ಪಾದನೆ ಮೊದಲ ವರ್ಷ ಇಳಿಯುತ್ತದೆ. ಆ ನಷ್ಟವನ್ನು ದರದಲ್ಲಿ ಸೇರಿಸಿದರೆ, ಹಾಗೆ ಮಾಡದ ಇನ್ನೊಬ್ಬ ಕಡಿಮೆ ದರ ಹೇಳಿ ಕೆಲಸ ಎತ್ತಿಕೊಂಡು ಹೋಗುತ್ತಾನೆ. ಕಡಿಮೆ ದರದವನಿಗೇ ಕೊಡುವ ಟೆಂಡರ್‌ನಲ್ಲಿ ಕಲಿಸುವ ಖರ್ಚನ್ನು ಸೇನೆ ಪ್ರತ್ಯೇಕ ಸಾಲಿನಲ್ಲಿ ಕೊಡಬೇಕು. ಕಂಪನಿಗೆ ಬರೆಯುವ ಮುಂಚೆ ಟೆಂಡರ್ ಕಾಗದ ತರಿಸಿ, ಆ ಸಾಲು ಇದೆಯಾ ನೋಡಿ. ಇಲ್ಲದಿದ್ದರೆ ಪ್ರೀ-ಬಿಡ್ ಸಭೆಯಲ್ಲಿ (ದರ ಹಾಕುವ ಮುಂಚೆ ನಡೆಯುವ ಸಭೆ) ಆ ಕಂಪನಿಯ ಮೂಲಕ ಪ್ರಶ್ನೆ ಹಾಕಿಸಿ. ಕಾಗದ ಕಳಿಸಿದರೆ ನಾನು ಕೂತು ಓದುತ್ತೇನೆ, ಫೀಸು ಬೇಡ.